ಸಿನಿಮಾ ಹಬ್ಬ ಬರಲಿ, ಕೊನೆ ಬಸ್ಸು ತಪ್ಪದಿರಲಿ

ಚಿಕ್ಕಮಗಳೂರು ಬಸ್ ನಿಲ್ದಾಣದ ಆಸುಪಾಸಿನ ಹೋಟೆಲುಗಳಲ್ಲಿ ಆಗಾಗ ಒಂದು ಮಾತು ಏಳುತ್ತದೆ, ಕಾಫಿ ಮುಗಿಯುವಷ್ಟರಲ್ಲಿ ತಣ್ಣಗಾಗುತ್ತದೆ. "ಅಲ್ಲಾ ಮಾರಾಯ್ರೆ, ಬೆಂಗಳೂರಲ್ಲಿ ಮಾಡ್ತಾರೆ, ಮೈಸೂರು ದಸರಾದಲ್ಲಿ ಮಾಡ್ತಾರೆ. ನಮ್ಮೂರಲ್ಲಿ ಒಂದು ಸಿನಿಮಾ ಹಬ್ಬ ಯಾಕಾಗಬಾರದು? ಬೆಟ್ಟ ಇದೆ, ಕಾಫಿ ಇದೆ, ತಂಪು ಹವಾ ಇದೆ. ಜನ ಓಡಿ ಬರ್ತಾರೆ." ಇದು ಮಾತಿನ ಸಾರಾಂಶ.

ಇದು ಹೋಟೆಲು ಮಾತು, ಸರ್ಕಾರಿ ಪ್ರಕಟಣೆ ಅಲ್ಲ. ಆದರೂ ಹೋಟೆಲಿನಲ್ಲಿ ಎದ್ದ ಮಾತು ಒಂದು ದಿನ ವೇದಿಕೆ ಹತ್ತುವುದು, ಹಾರ ಹಾಕಿಸಿಕೊಳ್ಳುವುದು ನಮಗೇನು ಹೊಸದಲ್ಲ. ಹಾರ ಬೀಳುವ ಮೊದಲೇ ಲೆಕ್ಕ ಕೇಳಿಬಿಡುವುದು ಒಳ್ಳೆಯದು.

ಮೊನ್ನೆ ಇದೇ ಮಾತು ಬಂದಾಗ ಪಕ್ಕದಲ್ಲಿ ಕೂತಿದ್ದ ಕಿರಾಣಿ ಅಂಗಡಿಯವರೊಬ್ಬರು ಕೇಳಿದ ಪ್ರಶ್ನೆ ಈ ಅಂಕಣಕ್ಕೆ ಕಾರಣ. "ಹಬ್ಬ ಮಾಡ್ಲಿ ಸ್ವಾಮಿ, ಬೇಡ ಅಂದೋರ್ಯಾರು? ಆದ್ರೆ ಬಂದ ಜನ ಬೆಳಗಿಂದ ರಾತ್ರಿವರೆಗೆ ಕತ್ತಲೆ ಕೋಣೇಲಿ ಕೂತ್ರೆ, ನನ್ನ ಅಂಗಡಿಗೆ ಬರೋದು ಯಾವಾಗ?" ಆಲ್ದೂರು ಬಸ್ಸಿಗೆ ಕಾಯುತ್ತಿದ್ದ ಹೆಣ್ಣುಮಗಳೊಬ್ಬರು ಇನ್ನೊಂದು ಪ್ರಶ್ನೆ ಸೇರಿಸಿದರು. "ಆಟ ಬಿಡೋ ಹೊತ್ತಿಗೆ ನಮ್ ಬಸ್ಸು ಹೋಗಿರ್ತದಲ್ಲ ಅಣ್ಣಾ?"

ಎರಡೂ ಪ್ರಶ್ನೆ ಚಿನ್ನದಂಥವು. ಲೋಕದ ಯಾವ ಗುಡ್ಡದೂರಿನಲ್ಲಿ ಚಿತ್ರೋತ್ಸವ ನಡೆದರೂ ಅದರ ಲಾಭನಷ್ಟ ತೀರ್ಮಾನವಾಗುವುದು ಈ ಎರಡು ಪ್ರಶ್ನೆಯಿಂದಲೇ.

ಹತ್ತಿ ಇಳಿಯುವ ಜನ

ಮೊದಲು ಈಗ ಏನು ನಡೀತಿದೆ ನೋಡೋಣ. ಶನಿವಾರ, ಭಾನುವಾರ ಬಂತೆಂದರೆ ಬೆಂಗಳೂರಿನ ಕಾರುಗಳು ಸಾಲುಗಟ್ಟುತ್ತವೆ. ಎಲ್ಲರ ಮೂತಿಯೂ ಬೆಟ್ಟದ ಕಡೆಗೆ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ರಾಜ್ಯದಲ್ಲೇ ಎತ್ತರದ ಶಿಖರ. ನೋಡಬೇಕಾದ್ದೇ. ಆದರೆ ನೂಕುನುಗ್ಗಲು ಎಷ್ಟಾಯಿತೆಂದರೆ 2025ರ ಸೆಪ್ಟೆಂಬರಿನಲ್ಲಿ ಜಿಲ್ಲಾಡಳಿತ ಆನ್‌ಲೈನ್ ಮುಂಗಡ ನೋಂದಣಿ ತಂದು, ಬೆಳಗಿನ ಹೊತ್ತು 600 ವಾಹನ, ಮಧ್ಯಾಹ್ನದ ಮೇಲೆ 600 ವಾಹನ ಎಂದು ಮಿತಿ ಹಾಕಬೇಕಾಯಿತು.

ಈ ಸಾವಿರದಿನ್ನೂರು ವಾಹನದಲ್ಲಿ ಎಷ್ಟು ಪೇಟೆಯೊಳಗೆ ನಿಲ್ಲುತ್ತವೆ? ನಿಲ್ಲಿಸಲು ಜಾಗ ಎಲ್ಲಿದೆ? ಕಾರು ಹತ್ತುತ್ತದೆ, ಇಳಿಯುತ್ತದೆ, ಹೋಂಸ್ಟೇಗೆ ತಿರುಗುತ್ತದೆ. ದಾರಿಬದಿಯಲ್ಲಿ ಒಂದು ಪೊಟ್ಟಣ ಕಾಫಿಪುಡಿ ಕೊಂಡರೆ ಕೊಂಡರು. ಊರಿಗೆ ಉಳಿಯುವುದು ಹೊಗೆ, ಹಾರನ್ನು, ಖಾಲಿ ನೀರಿನ ಬಾಟಲಿ. ಬಸ್ಸಿನಲ್ಲಿ ಹೋಗುವವರಿಗೆ ಅರ್ಧ ಗಂಟೆ ತಡ.

ಹಾಗಾಗಿ ಇನ್ನೊಂದಷ್ಟು ಜನ ಬರಲಿ ಅನ್ನುವುದೇ ಹಬ್ಬದ ಗುರಿಯಾದರೆ ಅದು ನಮಗೆ ಬೇಡ. ಜನಕ್ಕೆ ಬರ ಇಲ್ಲ. ಬರ ಇರುವುದು ಬಂದ ಜನ ಪೇಟೆಯಲ್ಲಿ ಕಾಲೂರಿ ನಿಲ್ಲುವ ಕಾರಣಕ್ಕೆ.

ಮುಕ್ಕಾಲು ಗಂಟೆಯ ಲೆಕ್ಕ

ಸಿನಿಮಾ ಹಬ್ಬದ ಜನ ಬೆಟ್ಟದ ಜನದ ಹಾಗಲ್ಲ. ದಿನಕ್ಕೆ ನಾಲ್ಕು ಆಟ ಅಂತ ಇಟ್ಟುಕೊಳ್ಳಿ. ಒಂದೊಂದು ಆಟ ಎರಡು ಗಂಟೆ. ಒಂದು ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಮುಕ್ಕಾಲು ಗಂಟೆ ಬಿಡುವು. ಆ ಬಿಡುವಿನಲ್ಲಿ ಕಾರು ತೆಗೆದುಕೊಂಡು ಬೆಟ್ಟಕ್ಕೆ ಹೋಗಿಬರಲು ಆಗುವುದಿಲ್ಲ. ಕಾಲ್ನಡಿಗೆಯಲ್ಲಿ ಎಷ್ಟು ದೂರ ಹೋಗಬಹುದೋ ಅಷ್ಟೇ ಅವರ ಲೋಕ. ಹಸಿವಾಗಿರುತ್ತದೆ, ಕಣ್ಣು ಬಳಲಿರುತ್ತದೆ, ನೋಡಿದ ಸಿನಿಮಾದ ಬಗ್ಗೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸುತ್ತಿರುತ್ತದೆ.

ಒಂದು ಸಭಾಂಗಣದಲ್ಲಿ ಮುನ್ನೂರು ಜನ ಕೂತರು ಅನ್ನಿ. ದಿನಕ್ಕೆ ಮೂರು ಬಿಡುವು. ಅಂದರೆ ಒಂಬೈನೂರು ಸಲ ಒಬ್ಬೊಬ್ಬ ಮನುಷ್ಯ ನಮ್ಮ ಬೀದಿಗೆ ಇಳಿಯುತ್ತಾನೆ. ಇದು ನಾನು ಕೈಬೆರಳಲ್ಲಿ ಹಾಕಿದ ಲೆಕ್ಕ, ಯಾವ ಇಲಾಖೆಯ ಅಂಕಿ ಅಂಶವೂ ಅಲ್ಲ. ಆದರೆ ಅಂಗಡಿ ನಡೆಸುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನನ್ನ ವಾದ ಇಷ್ಟೆ. ಚಿತ್ರೋತ್ಸವದಲ್ಲಿ ಪರದೆ ಮೇಲೆ ಏನು ತೋರಿಸುತ್ತಾರೆ ಅನ್ನುವುದು ಅರ್ಧ ಹಬ್ಬ. ಎರಡು ಆಟದ ನಡುವಿನ ಬಿಡುವನ್ನು ಯಾರು ತುಂಬುತ್ತಾರೆ ಅನ್ನುವುದು ಉಳಿದರ್ಧ. ಆ ಬಿಡುವನ್ನು ಊರು ತುಂಬಿದರೆ ಹಬ್ಬ ಊರಿನದು. ಕಂಪನಿ ತುಂಬಿದರೆ ಹಬ್ಬ ಕಂಪನಿಯದು. ಇದಕ್ಕೆ ಲೋಕದಲ್ಲಿ ಉದಾಹರಣೆ ಬೇಕಷ್ಟಿವೆ.

ಐಸ್ ಮೈದಾನವೇ ಟಾಕೀಸು

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಟೆಲ್ಯುರೈಡ್ ಅಂತ ಒಂದು ಊರು. ಮೂರು ಕಡೆ ಬೆಟ್ಟ, ಮಧ್ಯೆ ಸಂದಿಯಲ್ಲಿ ಊರು, 8,750 ಅಡಿ ಎತ್ತರ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 2,607 ಜನ. ನಮ್ಮ ಒಂದು ದೊಡ್ಡ ಹಳ್ಳಿಯಷ್ಟು. ಒಂದು ಕಾಲಕ್ಕೆ ಬೆಳ್ಳಿ, ಚಿನ್ನದ ಗಣಿ ನಂಬಿ ಬದುಕಿದ್ದ ಊರು. ಗಣಿ ಕುಸಿದ ಮೇಲೆ 1972ರಲ್ಲಿ ಹಿಮದ ಮೇಲೆ ಜಾರುವ ಸ್ಕೀ ಆಟ ಬಂತು. 1974ರಲ್ಲಿ ಚಿತ್ರೋತ್ಸವ ಬಂತು. ಇಂದಿಗೂ ನಡೆಯುತ್ತಿದೆ.

ನಡೆಯುವುದು ಯಾವಾಗ? ಸೆಪ್ಟೆಂಬರಿನ ಮೊದಲ ಸೋಮವಾರ ಅವರಿಗೆ ಕಾರ್ಮಿಕರ ದಿನದ ರಜೆ. ಆ ವಾರಾಂತ್ಯದಲ್ಲಿ. ಅಂದರೆ ಬೇಸಿಗೆಯ ಗಿರಾಕಿ ಮುಗಿಯುತ್ತ ಬಂದಿರುತ್ತದೆ, ಹಿಮದ ಗಿರಾಕಿ ಇನ್ನೂ ಬಂದಿರುವುದಿಲ್ಲ. ಅಂಗಡಿಯವರು ನೊಣ ಹೊಡೆಯಬೇಕಾದ ಹೊತ್ತಿಗೆ ಹಬ್ಬ ಬಂದು ಕೂರುತ್ತದೆ.

ಆ ಪುಟ್ಟ ಊರಲ್ಲಿ ಅಷ್ಟು ಟಾಕೀಸು ಎಲ್ಲಿಂದ ಬರಬೇಕು? ಇದ್ದುದನ್ನೇ ಬಳಸಿದರು. 1913ರ ಹಳೇ ನಾಟಕಶಾಲೆ ಒಂದಿತ್ತು, ಅದು ಒಂದು ಟಾಕೀಸು. ಶಾಲೆಯ ವ್ಯಾಯಾಮಶಾಲೆ ಇನ್ನೊಂದು. ಊರಿನ ಪಾರ್ಕಿನಲ್ಲಿ ಮಕ್ಕಳು ಐಸ್ ಹಾಕಿ ಆಡುವ ಮೈದಾನದ ಕಟ್ಟಡ ಇದೆ. 2013ರಿಂದ ಹಬ್ಬದ ದಿನಗಳಿಗೆ ಮಾತ್ರ ಅದನ್ನು 650 ಕುರ್ಚಿಯ ಟಾಕೀಸು ಮಾಡುತ್ತಾರೆ. ಹಬ್ಬ ಮುಗಿದರೆ ಕುರ್ಚಿ ಎತ್ತು, ಚಳಿಗಾಲಕ್ಕೆ ಮತ್ತೆ ಐಸ್ ಮೈದಾನ. ನಡುಬೀದಿಯ ಸಣ್ಣ ಪಾರ್ಕಿನಲ್ಲಿ ಬಯಲು ಪರದೆ, ಅದಕ್ಕೆ ಟಿಕೆಟ್ಟಿಲ್ಲ. ಪಾಸು ಇಲ್ಲದವನೂ ಕಂಬಳಿ ಹೊದ್ದು ಕೂತು ನೋಡಬಹುದು.

ಟಾಕೀಸುಗಳ ನಡುವೆ ಓಡಾಟ ಬಹುಮಟ್ಟಿಗೆ ಕಾಲ್ನಡಿಗೆ. ಗುಡ್ಡದಾಚೆಯ ಇನ್ನೊಂದು ಊರಿಗೆ ಹೋಗಲು ತೂಗುತೊಟ್ಟಿಲ ದಾರಿ, ಅಂದರೆ ರೋಪ್‌ವೇ. ಸುಮಾರು 13 ನಿಮಿಷದ ಪಯಣ. 1996ರಿಂದ ಅದು ಉಚಿತ. ಕಾರು ಹೊರಗೆ ನಿಲ್ಲಿಸಿ, ಕಾಲಲ್ಲಿ ನಡಿ, ತೊಟ್ಟಿಲಲ್ಲಿ ತೂಗು. ಬೆಳಗ್ಗೆ ಬೆಟ್ಟದ ಹಾದಿಯಲ್ಲಿ ಒಂದು ಸುತ್ತು ಹೋಗಿ ಬಂದವರು ಹತ್ತು ಗಂಟೆಗೆ ಸಿನಿಮಾಕ್ಕೆ ಕೂರುತ್ತಾರೆ. ಎಲ್ಲಕ್ಕೂ ದಾರಿ ಪೇಟೆಬೀದಿಯ ಮೇಲೇ.

ಹಾಗಂತ ಅದು ಸ್ವರ್ಗವಲ್ಲ. ಪೂರ್ತಿ ಪಾಸಿಗೆ ನೂರಾರು ಡಾಲರು. ಮನೆ ಬೆಲೆ ಆಕಾಶಕ್ಕೇರಿ, ಅಲ್ಲಿ ಹೋಟೆಲಲ್ಲಿ ತಟ್ಟೆ ತೊಳೆಯುವವರು, ಅಂಗಡಿಯಲ್ಲಿ ನಿಲ್ಲುವವರು ಎಷ್ಟೋ ಮಂದಿ ದೂರದ ಊರುಗಳಿಂದ ಬಸ್ಸಲ್ಲಿ ಬಂದು ಹೋಗುತ್ತಾರೆ. ಚಂದದ ಊರು ಶ್ರೀಮಂತರ ಕಣ್ಣಿಗೆ ಬಿದ್ದರೆ ಹೀಗೇ. ಹೋಂಸ್ಟೇ ಹೆಚ್ಚಿದ ಮೇಲೆ ನಮ್ಮಲ್ಲೂ ಬಾಡಿಗೆ ಮನೆ ಹುಡುಕುವವರನ್ನು ಕೇಳಿ ನೋಡಿ, ಕಥೆ ಹೇಳ್ತಾರೆ.

ಅಂಗಡಿಯೇ ಬಾಡಿಗೆಗೆ ಹೋದ ಊರು

ಇನ್ನೊಂದು ಊರಿನ ಕಥೆ ಉಲ್ಟಾ. ಅದೇ ಅಮೆರಿಕದ ಯೂಟಾ ರಾಜ್ಯದ ಪಾರ್ಕ್ ಸಿಟಿ. ಎಂಟು ಸಾವಿರ ಚಿಲ್ಲರೆ ಜನಸಂಖ್ಯೆಯ ಗುಡ್ಡದೂರು. 1981ರಿಂದ ಅಲ್ಲಿ ನಡೆದ ಚಿತ್ರೋತ್ಸವ ಮುಂದೆ ಸನ್‌ಡ್ಯಾನ್ಸ್ ಅಂತ ಜಗತ್ಪ್ರಸಿದ್ಧವಾಯಿತು. ನಟ ರಾಬರ್ಟ್ ರೆಡ್‌ಫರ್ಡ್ ಕಟ್ಟಿದ ಸಂಸ್ಥೆ ಅದನ್ನು ನಡೆಸಿತು. ಸಣ್ಣ ಬಂಡವಾಳದ, ಸ್ವತಂತ್ರ ಸಿನಿಮಾದವರಿಗೆ ಅದು ತೀರ್ಥಕ್ಷೇತ್ರ.

ಜನವರಿಯ ಹಿಮದಲ್ಲಿ ಹಬ್ಬ. ತಮಾಷೆ ನೋಡಿ, ಊರು ತುಂಬಿ ತುಳುಕುವಾಗ ಸ್ಕೀ ಇಳಿಜಾರು ಮಾತ್ರ ಖಾಲಿ ಖಾಲಿ. ಬಂದವರಿಗೆ ಸಿನಿಮಾ, ಪಾರ್ಟಿ, ವ್ಯಾಪಾರದ ಮಾತುಕತೆಯೇ ಸಾಕಾಗಿತ್ತು. ಹಿಮದಲ್ಲಿ ಜಾರಬೇಕಾದವರು ಹಬ್ಬದ ವಾರವೇ ಹೋಗಿ ಅಂತ ಬಲ್ಲವರು ಸಲಹೆ ಕೊಡುತ್ತಿದ್ದರು!

ಆ ಊರಿನ ಮುಖ್ಯ ಬೀದಿಯಲ್ಲಿ ಏನಾಯಿತು ಗೊತ್ತಾ? ದೊಡ್ಡ ದೊಡ್ಡ ಕಂಪನಿಗಳು ಬಂದು ಹಬ್ಬದ ಹತ್ತು ದಿನಕ್ಕೆ ಅಂಗಡಿಗಳನ್ನೇ ಬಾಡಿಗೆಗೆ ಹಿಡಿದವು. ಅಂಗಡಿಯವನು ಸರಕು ಎತ್ತಿಟ್ಟು, ಬಾಡಿಗೆ ಎಣಿಸಿ, ಬಾಗಿಲ ಕೀಲಿ ಕೊಟ್ಟ. ಒಳಗೆ ಕಂಪನಿಯ ಫಲಕ, ಕಂಪನಿಯ ಅತಿಥಿ, ಕಂಪನಿಯ ಊಟ. ಬಿಡುವಿನ ಮುಕ್ಕಾಲು ಗಂಟೆ ಅಲ್ಲಿ ಹರಾಜಾಗಿ ಹೋಯಿತು. ಕಟ್ಟಡದ ಮಾಲೀಕನಿಗೆ ಲಾಭವೇ. ಆದರೆ ಅದೇ ಬೀದಿಯಲ್ಲಿ ವರ್ಷವಿಡೀ ಸಾಮಾನು ಕೊಳ್ಳುವ ಊರಿನವನು ಆ ಹತ್ತು ದಿನ ತನ್ನ ಬೀದಿಯಲ್ಲೇ ಪರದೇಶಿ.

ಕೊನೆಗೆ ಹಬ್ಬವೇ ಊರು ಬಿಟ್ಟಿತು. ಊರು ಸಾಲದು, ವಸತಿ ದುಬಾರಿ ಅನ್ನುವ ದೂರು ಹಳೆಯದಾಗಿತ್ತು. ಪಕ್ಕದ ಕೊಲರಾಡೊ ರಾಜ್ಯ ಚಿತ್ರೋತ್ಸವಕ್ಕೆಂದು ಹತ್ತು ವರ್ಷದಲ್ಲಿ 3 ಕೋಟಿ 40 ಲಕ್ಷ ಡಾಲರುವರೆಗಿನ ತೆರಿಗೆ ರಿಯಾಯಿತಿ ಮುಂದಿಟ್ಟಿತು. 2027ರಿಂದ ಬೌಲ್ಡರ್ ನಗರಕ್ಕೆ ಎಂದು 2025ರ ಮಾರ್ಚಿನಲ್ಲಿ ಘೋಷಣೆಯಾಯಿತು. ಅದೇ ಸೆಪ್ಟೆಂಬರಿನಲ್ಲಿ ರೆಡ್‌ಫರ್ಡ್ ತೀರಿಕೊಂಡರು. 2026ರ ಜನವರಿಯದ್ದು ಪಾರ್ಕ್ ಸಿಟಿಯಲ್ಲಿ ಕೊನೆಯ ಹಬ್ಬ.

ಪಾಠ ಏನು? ದುಡ್ಡಿನ ಗಂಟಿನಿಂದ ಕಟ್ಟಿದ ಹಬ್ಬವನ್ನು ಹೆಚ್ಚು ದುಡ್ಡು ಕೊಟ್ಟವನು ಬಿಚ್ಚಿಕೊಂಡು ಹೋಗಬಹುದು. ಊರಿನ ದಿನಚರಿಗೆ ಕಟ್ಟಿದ ಗಂಟು ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ.

ಜೈಲಿಗೂ ಹೋದ ಸಿನಿಮಾ

ಅಮೆರಿಕದ ಮಾತು ನಮಗ್ಯಾಕೆ ಅನ್ನುವವರಿಗೆ ನಮ್ಮ ದೇಶದ್ದೇ ಉದಾಹರಣೆ ಇದೆ. ಹಿಮಾಚಲದ ಧರ್ಮಶಾಲಾ. ದಲಾಯಿ ಲಾಮಾ ಅವರು 1960ರಿಂದ ನೆಲೆಸಿರುವ ಊರು. ಅಲ್ಲಿ ಮೇಲ್ಭಾಗದ ಮೆಕ್ಲೋಡ್‌ಗಂಜ್ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಇಕ್ಕಟ್ಟು ರಸ್ತೆ, ವಾಹನದ ಜಾತ್ರೆ. ನಮ್ಮ ಅಣ್ಣತಮ್ಮ ಅನ್ನಬಹುದು.

ಅಲ್ಲೇ ವಾಸವಿದ್ದ ಸಿನಿಮಾ ನಿರ್ದೇಶಕ ದಂಪತಿ ರಿತು ಸರೀನ್ ಮತ್ತು ತೆನ್ಜಿಂಗ್ ಸೋನಮ್ 2012ರಲ್ಲಿ ಚಿತ್ರೋತ್ಸವ ಶುರು ಮಾಡಿದರು. ಸ್ಪರ್ಧೆ ಇಲ್ಲ. ಮಳೆ ನಿಂತು ಚಳಿ ಬಲಿಯುವ ಮೊದಲು, ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ ನಾಲ್ಕು ದಿನ. ಟಿಬೆಟಿಯನ್ ಪ್ರದರ್ಶನ ಕಲೆಗಳ ಸಂಸ್ಥೆಯ ಅಂಗಳ, ಟಿಬೆಟಿಯನ್ ಮಕ್ಕಳ ಶಾಲೆಯ ಸಭಾಂಗಣ, ಇವೇ ಟಾಕೀಸು. ಜಾಗ ಸಾಲದಿದ್ದಾಗ ಗಾಳಿ ತುಂಬಿ ನಿಲ್ಲಿಸುವ ಸಂಚಾರಿ ಟಾಕೀಸು ತಂದರು. ಕೊರೋನಾ ಬಂದಾಗ 2020, 2021ರಲ್ಲಿ ಆನ್‌ಲೈನಿನಲ್ಲಿ ನಡೆಸಿದರು, ನಿಲ್ಲಿಸಲಿಲ್ಲ.

ನಾವು ಗಮನಿಸಬೇಕಾದ್ದು ಬೇರೆ. ಈ ಹಬ್ಬ ಬರೀ ಡೆಲ್ಲಿ, ಮುಂಬಯಿಯಿಂದ ಬಂದವರಿಗೆ ಸಿನಿಮಾ ತೋರಿಸಿ ಕೈತೊಳೆಯಲಿಲ್ಲ. ಸುತ್ತಲಿನ ಶಾಲೆಗಳಿಗೆ ಸಿನಿಮಾ ಹೊತ್ತುಕೊಂಡು ಹೋಯಿತು. ಜಿಲ್ಲಾ ಜೈಲಿನ ಕೈದಿಗಳಿಗೂ ತೋರಿಸಿತು. ಹಿಮಾಚಲದ ಹುಡುಗ ಹುಡುಗಿಯರಿಗೆ ಸಿನಿಮಾ ಮಾಡುವ ತರಬೇತಿ ಕೊಟ್ಟಿತು. ಮಕ್ಕಳ ಸಿನಿಮಾಕ್ಕೆ ಬೇರೆಯೇ ವಿಭಾಗ ಇಟ್ಟಿತು. ಆಟ ಬಿಟ್ಟರೆ ಎದುರಿಗೇ ಮೊಮೊ, ತುಕ್ಪಾ ಅಂಗಡಿ. ಬೆಳಗ್ಗೆ ಬೇಗ ಎದ್ದವರಿಗೆ ತ್ರಿಯುಂಡ್ ಗುಡ್ಡದ ದಾರಿ. ಬಿಡುವಿನ ಹೊತ್ತು ಊರಿನ ಕೈಯಲ್ಲೇ ಉಳಿಯಿತು.

ನಮ್ಮ ಪಕ್ಕದಲ್ಲೇ ಇತ್ತಲ್ಲ ಹೆಗ್ಗೋಡು

ಅಷ್ಟು ದೂರ ಯಾಕೆ, ಘಟ್ಟದ ಮಗ್ಗುಲಲ್ಲೇ ಇರುವ ಸಾಗರ ತಾಲ್ಲೂಕಿನ ಹೆಗ್ಗೋಡನ್ನು ಮರೆಯೋದುಂಟೆ? 1949ರಲ್ಲಿ ಹುಟ್ಟಿದ ನೀನಾಸಂ, 1973ರಲ್ಲಿ ಚಿತ್ರಸಮಾಜ ಶುರು ಮಾಡಿತು. ಅಡಿಕೆ ಸುಲಿದು ಬಂದವರು ಜಪಾನಿನ, ಇಟಲಿಯ, ಬಂಗಾಳದ ಸಿನಿಮಾ ನೋಡಿದರು. "ಹಳ್ಳಿಯವರಿಗೆ ಇದೆಲ್ಲ ತಿಳಿಯೋದಿಲ್ಲ" ಅಂದವರ ಬಾಯಿ ಮುಚ್ಚಿತು. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ಹೆಗ್ಗೋಡಿನ ಗುಟ್ಟು ಏನಪ್ಪಾ ಅಂದರೆ, ಅಲ್ಲಿ ಪ್ರೇಕ್ಷಕನೇ ಆತಿಥೇಯ. ಊರಿನವರೇ ನೋಡುವವರು, ಊರಿನವರೇ ಬಡಿಸುವವರು. ಹೊರಗಿನಿಂದ ಬಂದವನು ಅವರ ಜೊತೆ ಕೂತು ನೋಡಿ, ಅವರ ಪಂಕ್ತಿಯಲ್ಲೇ ಉಂಡು ಹೋದ. ಹೊರಗಿನವರಿಗಾಗಿ ಮಾಡುವ ಹಬ್ಬಕ್ಕೂ ಊರಿನವರ ಹಬ್ಬಕ್ಕೆ ಹೊರಗಿನವರು ಬರುವುದಕ್ಕೂ ಅಜಗಜಾಂತರ.

ನಮ್ಮೂರಲ್ಲಿ ಹೇಗೆ?

ಈಗ ಚಿಕ್ಕಮಗಳೂರಿಗೆ ಬರೋಣ. ಟಾಕೀಸು ಎಲ್ಲಿ ಅಂದರೆ ಕುವೆಂಪು ಕಲಾಮಂದಿರ ಇದೆ, ಕಾಲೇಜುಗಳ ಸಭಾಂಗಣಗಳಿವೆ. ಹೊಸ ಕಟ್ಟಡ, ಶಂಕುಸ್ಥಾಪನೆ, ಕಲ್ಲಿನ ಮೇಲೆ ಹೆಸರು, ಇದ್ಯಾವುದೂ ಬೇಡ. ಟೆಲ್ಯುರೈಡಿನ ಐಸ್ ಮೈದಾನ ನೆನಪಿಟ್ಟುಕೊಂಡರೆ ಸಾಕು.

ಯಾವಾಗ? ಜೂನಿನಿಂದ ಮಳೆ, ಆಗ ಬೇಡ. ನವೆಂಬರಿನಿಂದ ಜನವರಿವರೆಗೆ ಅರೇಬಿಕಾ ಕೊಯ್ಲು, ತೋಟದವರಿಗೂ ಕಾರ್ಮಿಕರಿಗೂ ತಲೆ ಎತ್ತಲು ಪುರುಸೊತ್ತಿಲ್ಲ. ಡಿಸೆಂಬರಿನಲ್ಲಿ ದತ್ತ ಜಯಂತಿಯ ಪೊಲೀಸ್ ಬಂದೋಬಸ್ತು. ಮಾರ್ಚ್ ಬಂದರೆ ಮಕ್ಕಳ ಪರೀಕ್ಷೆ. ಉಳಿದದ್ದು ಫೆಬ್ರವರಿ. ಹೂಮಳೆ ಬಿದ್ದರೆ ಕಾಫಿ ಹೂವು ಬಿಡುವ ಕಾಲ. ಬೆಳ್ಳಗೆ ಅರಳಿದ ತೋಟದ ಪರಿಮಳಕ್ಕಿಂತ ದೊಡ್ಡ ಜಾಹೀರಾತು ಯಾವುದಿದೆ?

ವಾರದ ಯಾವ ದಿನ? ಇಲ್ಲೇ ಎಲ್ಲರೂ ಎಡವುವುದು. ಶನಿವಾರ, ಭಾನುವಾರ ಬೇಡವೇ ಬೇಡ. ಆ ಎರಡು ದಿನ ಊರು ಈಗಾಗಲೇ ತುಂಬಿರುತ್ತದೆ. ಸೋಮವಾರದಿಂದ ಗುರುವಾರದವರೆಗೆ ಇಡಲಿ, ಸಂತೆ ದಿನವೂ ಅದರೊಳಗೆ ಬರುವ ಹಾಗೆ ನೋಡಿಕೊಳ್ಳಲಿ. ಲಾಡ್ಜುಗಳ ಕೋಣೆ ಖಾಲಿ ಇರುವ, ಅಂಗಡಿಗಳಲ್ಲಿ ಗಿರಾಕಿ ಕಡಿಮೆ ಇರುವ ದಿನಗಳವು. ಧರ್ಮಶಾಲಾದವರು ಗುರುವಾರದಿಂದ ಭಾನುವಾರ ಇಡುತ್ತಾರೆ, ಅದು ದೂರದ ದಾರಿ, ಅವರಿಗೆ ಸರಿ. ಬೆಂಗಳೂರಿಗೆ ಒಂದು ಹಗಲಿನ ಹಾದಿಯಲ್ಲಿರುವ ನಮಗೆ ವಾರಾಂತ್ಯ ಅಂದರೆ ಟ್ರಾಫಿಕ್ ಜಾಮ್ ಅಂತಲೇ ಅರ್ಥ.

ಉಪ್ಪಿನಕಾಯಿಯೂ ಒಂದು ಕಾರ್ಯಕ್ರಮ

ಇನ್ನು ಬಿಡುವು ತುಂಬುವ ಬಗೆ. ಸಿನಿಮಾಕ್ಕೂ ಊರಿಗೂ ಗಂಟು ಹಾಕಲು ನಮ್ಮ ಜಿಲ್ಲೆಯಷ್ಟು ಅದೃಷ್ಟ ಯಾರಿಗಿದೆ?

ಸಿದ್ದಲಿಂಗಯ್ಯನವರ 'ಭೂತಯ್ಯನ ಮಗ ಅಯ್ಯು' 1974ರದ್ದು. ಲೋಕೇಶ್, ವಿಷ್ಣುವರ್ಧನ್, ಎಂ.ಪಿ. ಶಂಕರ್. ಚಿತ್ರೀಕರಣ ನಡೆದದ್ದು ನಮ್ಮ ಕಳಸಾಪುರದಲ್ಲಿ. ಲೋಕನಾಥ್ ಅವರ ಉಪ್ಪಿನಕಾಯಿ ದೃಶ್ಯ ನೆನೆಸಿಕೊಂಡರೆ ಇವತ್ತಿಗೂ ಬಾಯಲ್ಲಿ ನೀರು. ಬೆಳಗ್ಗೆ ಬಸ್ಸಿನಲ್ಲಿ ಕಳಸಾಪುರಕ್ಕೆ ಕರೆದುಕೊಂಡು ಹೋಗಿ, ಚಿತ್ರೀಕರಣ ನೋಡಿದ ಹಿರಿಯರ ಬಾಯಿಂದ ನಾಲ್ಕು ಮಾತು ಕೇಳಿಸಿ, ಮಧ್ಯಾಹ್ನ ಊರಲ್ಲಿ ಆ ಸಿನಿಮಾ ಹಾಕಿ, ಆಟ ಬಿಟ್ಟ ಬಾಗಿಲಲ್ಲೇ ಸ್ತ್ರೀಶಕ್ತಿ ಸಂಘದವರ ಮಿಡಿ ಉಪ್ಪಿನಕಾಯಿ ಅಂಗಡಿ ಇಡಿ. ಎಷ್ಟು ಭರಣಿ ಉಳಿಯುತ್ತದೆ ನೋಡೋಣ!

'ಸಂಸ್ಕಾರ' 1970ರದ್ದು. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿ ನಿರ್ದೇಶನ. ಸೆನ್ಸಾರಿನವರು ತಡೆದು, ಆಮೇಲೆ ಬಿಟ್ಟು, ಕೊನೆಗೆ ರಾಷ್ಟ್ರಪತಿಗಳ ಸ್ವರ್ಣಕಮಲ ಗೆದ್ದ ಮೊದಲ ಕನ್ನಡ ಸಿನಿಮಾ. ಚಿತ್ರೀಕರಣ ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಅದನ್ನು ಶೃಂಗೇರಿಯಲ್ಲೇ ತೋರಿಸಬೇಕು. ಹಬ್ಬ ಅಂದರೆ ಜಿಲ್ಲಾ ಕೇಂದ್ರಕ್ಕೇ ಎಲ್ಲರೂ ಓಡಿ ಬರಬೇಕು ಅಂತ ಕಾನೂನಿಲ್ಲ.

ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಕಥೆಗಳೇ ಎಷ್ಟು ಸಿನಿಮಾ ಆಗಿವೆ! 'ಅಬಚೂರಿನ ಪೋಸ್ಟಾಫೀಸು', 'ತಬರನ ಕಥೆ', 'ಕುಬಿ ಮತ್ತು ಇಯಾಲ', 'ಕಿರಗೂರಿನ ಗಯ್ಯಾಳಿಗಳು'. 2023ರಲ್ಲಿ ಬಂದ 'ಡೇರ್‌ಡೆವಿಲ್ ಮುಸ್ತಾಫಾ'ಕ್ಕೆ ತೇಜಸ್ವಿ ಅಭಿಮಾನಿಗಳೇ ಸೇರಿ ಹಣ ಹಾಕಿದ್ದರು. ಕೊಟ್ಟಿಗೆಹಾರದಲ್ಲಿ ತೇಜಸ್ವಿ ಪ್ರತಿಷ್ಠಾನ ಇದೆ. ಬೆಳಗ್ಗೆ ಹಕ್ಕಿ ನೋಡುವ ನಡಿಗೆ, ಸಂಜೆ ಸಿನಿಮಾ.

ಸರ್ಕಾರಿ ಕಚೇರಿ ಅಲೆದು ಸೋತ ತಬರನ ಕಥೆಯನ್ನು ತಾಲ್ಲೂಕು ಕಚೇರಿ ಮುಂದಿನ ಬಯಲಲ್ಲೇ ತೋರಿಸಿದರೆ ಇನ್ನೂ ಚೆನ್ನ ಅಂತ ಒಬ್ಬರು ನಕ್ಕರು. ನಾನು ಗಂಭೀರವಾಗಿಯೇ ಬರೆದುಕೊಂಡೆ.

ಇನ್ನೊಂದು ವಿಚಾರ. ಇತ್ತೀಚಿನ ವರ್ಷಗಳಲ್ಲಿ ನಮ್ಮ ತೋಟಗಳಲ್ಲಿ ಅಸ್ಸಾಮಿನಿಂದ ಬಂದ ಕಾರ್ಮಿಕರು ದುಡಿಯುತ್ತಿದ್ದಾರೆ. ಅವರ ಭಾಷೆಯ 'ವಿಲೇಜ್ ರಾಕ್‌ಸ್ಟಾರ್ಸ್', ರೀಮಾ ದಾಸ್ ನಿರ್ದೇಶನದ್ದು, 2018ರಲ್ಲಿ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಗಿಟಾರಿನ ಕನಸು ಕಾಣುವ ಬಡ ಹುಡುಗಿಯ ಕಥೆ. ಕಾರ್ಮಿಕರಿಗೆ ರಜೆ ಇರುವ ಹೊತ್ತಿನಲ್ಲಿ ಅದೊಂದು ಆಟ ಇಟ್ಟರೆ, ಸಂತೆಗೆ ಬಂದು ಸಾಮಾನು ಕಟ್ಟಿಕೊಂಡು ಮೌನವಾಗಿ ವಾಪಸು ಹೋಗುವ ಆ ಜನ ಒಂದು ದಿನ ನಮ್ಮ ಊರಲ್ಲಿ ತಮ್ಮ ಭಾಷೆ ಕೇಳಿ ನಗಬಹುದು, ಅಳಬಹುದು. ಹಬ್ಬ ಅಂದರೆ ಇದಲ್ಲವೇ?

ಕೊನೆ ಬಸ್ಸಿನ ಪ್ರಶ್ನೆ

ಈಗ ಆಲ್ದೂರಿನ ಹೆಣ್ಣುಮಗಳ ಪ್ರಶ್ನೆಗೆ ಬರೋಣ. ಸಂಜೆ ಆರೂವರೆಗೆ ಆಟ ಶುರು ಮಾಡಿ, ಮೊದಲು ಭಾಷಣ ಕುಟ್ಟಿ, ಒಂಬತ್ತೂವರೆಗೆ ಬಿಟ್ಟರೆ ಹಳ್ಳಿಯವರು ಹೋಗುವುದು ಹೇಗೆ? ಬಸ್ಸು ತಪ್ಪಿದರೆ ಆಟೋ ಬಾಡಿಗೆ ಯಾರು ಕೊಡ್ತಾರೆ? ಆಲ್ದೂರು, ಮೂಡಿಗೆರೆ ಕಡೆ ಕಾಡಾನೆ ಕಾಟ. ಕತ್ತಲಲ್ಲಿ ರಸ್ತೆಯಿಂದ ಇಳಿದು ತೋಟದ ದಾರಿಯಲ್ಲಿ ಒಂದು ಮೈಲಿ ನಡೆಯುವುದು ಹಳ್ಳಿಯವರಿಗೆ ಸಿನಿಮಾದ ಸಾಹಸ ದೃಶ್ಯ ಅಲ್ಲ, ಪ್ರಾಣದ ಪ್ರಶ್ನೆ.

ಆದ್ದರಿಂದ ಆಟದ ವೇಳಾಪಟ್ಟಿ ಮಾಡುವವರು ಮೊದಲು ಎದುರಿಗೆ ಇಟ್ಟುಕೊಳ್ಳಬೇಕಾದ್ದು ಸಿನಿಮಾ ಪಟ್ಟಿಯಲ್ಲ, ಬಸ್ಸಿನ ವೇಳಾಪಟ್ಟಿ. ಹಳ್ಳಿಯವರಿಗಾಗಿ ಬೆಳಗ್ಗೆ ಹತ್ತೂವರೆಯ ಆಟ, ಮಧ್ಯಾಹ್ನದ ಆಟ. ಸೂರ್ಯ ಮುಳುಗುವ ಮುಂಚೆ ಅವರು ಬಸ್ಸು ಹತ್ತಿರಬೇಕು. ರಾತ್ರಿ ಆಟ ಪೇಟೆಯವರಿಗೂ ಲಾಡ್ಜಿನಲ್ಲಿ ಉಳಿದವರಿಗೂ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಆದರೆ ನಮ್ಮ ಮಲೆನಾಡಿನ 'ಒಳದಾರಿ'ಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಹಬ್ಬದ ನಾಲ್ಕು ದಿನ ಆ ಬಸ್ಸಿನವರ ಜೊತೆ ಕೂತು ಮಾತಾಡಿ ಒಂದೆರಡು ಹೆಚ್ಚುವರಿ ಟ್ರಿಪ್ಪು ಹಾಕಿಸುವುದು ಅಸಾಧ್ಯವೇನಲ್ಲ. ಟೆಲ್ಯುರೈಡಿನವರಿಗೆ ತೂಗುತೊಟ್ಟಿಲು, ನಮಗೆ ಮಿನಿ ಬಸ್ಸು. ತತ್ವ ಒಂದೇ.

ಆಕ್ಷೇಪಣೆಗಳೂ ಇವೆ

"ಯಾರ್ರೀ ನೋಡ್ತಾರೆ, ಎಲ್ಲ ಮೊಬೈಲಲ್ಲೇ ಬರ್ತದಲ್ಲ" ಅನ್ನುವವರಿದ್ದಾರೆ. ನಿಜ. ಆದರೆ ಮೊಬೈಲಲ್ಲಿ ಪಕ್ಕದವನು ನಗುವುದು ಕೇಳಿಸುವುದಿಲ್ಲ. ಕೈಯಲ್ಲಿ ಮೊಬೈಲಿದ್ದೂ ಜಾತ್ರೆಗೆ ಹೋಗೋದನ್ನ ಜನ ಬಿಟ್ಟಿದ್ದಾರಾ?

"ದುಡ್ಡು?" ಇದು ಗಟ್ಟಿ ಪ್ರಶ್ನೆ. ಸಿನಿಮಾ ತೋರಿಸಲು ಹಕ್ಕುದಾರರ ಒಪ್ಪಿಗೆ ಬೇಕು, ಅದಕ್ಕೆ ಹಣ ಬೇಕು. ಸೆನ್ಸಾರ್ ಆಗದ ವಿದೇಶಿ ಸಿನಿಮಾಕ್ಕೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ ಬೇಕು. ಒಳ್ಳೆಯ ಪ್ರೊಜೆಕ್ಟರು, ಧ್ವನಿ ಬೇಕು. ಪ್ರಾಯೋಜಕರು ಬರಲಿ, ಆದರೆ ಒಂದು ಷರತ್ತು: ಪರದೆಯ ಪಕ್ಕ ಫಲಕ ಹಾಕಿಕೊಳ್ಳಲಿ, ಬೀದಿಯನ್ನು ಹಿಡಿಯುವುದು ಬೇಡ. ತಾತ್ಕಾಲಿಕ ಮಳಿಗೆಗಳಲ್ಲಿ ಮೊದಲ ಹಕ್ಕು ಊರಿನ ವ್ಯಾಪಾರಿಗೆ, ಸಂಘದ ಹೆಂಗಸರಿಗೆ, ತಳ್ಳುಗಾಡಿಯವರಿಗೆ. ಪಾರ್ಕ್ ಸಿಟಿಯ ಕೀಲಿ ಕಥೆ ಇಲ್ಲಿ ಬೇಡ.

"ಕಸ?" ಪೌರಕಾರ್ಮಿಕರಿಗೆ ಹಬ್ಬದ ದಿನಗಳಿಗೆ ಹೆಚ್ಚುವರಿ ಕೂಲಿ ಮೊದಲೇ ಬಜೆಟ್ಟಿನಲ್ಲಿ ಬರೆದಿಡಬೇಕು. ಉದ್ಘಾಟನೆಯ ಹೂಮಾಲೆಯ ಖರ್ಚು ಕಡಿತ ಮಾಡಿದರೆ ಅರ್ಧ ಅದರಲ್ಲೇ ಹುಟ್ಟಬಹುದು.

ಮೂರು ಪ್ರಶ್ನೆ ಕೇಳಿ

ನಾಳೆ ಯಾರಾದರೂ ಬಂದು ನಿಮ್ಮ ಅಂಗಡಿ ಮುಂದೆ ರಸೀದಿ ಪುಸ್ತಕ ಹಿಡಿದು "ಸಿನಿಮಾ ಹಬ್ಬಕ್ಕೆ ಚಂದಾ" ಅಂದರೆ, ಇಲ್ಲ ಅನ್ನಬೇಡಿ. ಕೂರಿಸಿ, ಕಾಫಿ ಕೊಡಿ, ಮೂರೇ ಪ್ರಶ್ನೆ ಕೇಳಿ. ಒಂದು, ಹಬ್ಬ ಶನಿವಾರವೋ ಸೋಮವಾರವೋ? ಎರಡು, ಆಟದ ನಡುವಿನ ಬಿಡುವು ಎಷ್ಟು, ಆಗ ಜನ ಯಾವ ಬಾಗಿಲಿಂದ ಯಾವ ಬೀದಿಗೆ ಇಳಿಯುತ್ತಾರೆ? ಮೂರು, ಹಳ್ಳಿಯವರ ಆಟ ಬಿಟ್ಟಾಗ ಆಲ್ದೂರಿಗೆ ಬಸ್ಸು ಇರ್ತದಾ?

ಮೂರಕ್ಕೂ ನೆಟ್ಟಗೆ ಉತ್ತರ ಬಂದರೆ ರಸೀದಿ ಹರಿಸಿಕೊಳ್ಳಿ, ದೊಡ್ಡ ಮೊತ್ತಕ್ಕೇ ಹರಿಸಿಕೊಳ್ಳಿ. "ಅದೆಲ್ಲ ಆಮೇಲೆ ನೋಡೋಣ, ಮೊದಲು ಉದ್ಘಾಟನೆಗೆ ಯಾವ ನಟ ಬರ್ತಾರೆ ಗೊತ್ತಾ?" ಅಂದರೆ ಮಾತ್ರ ಕಾಫಿ ಲೋಟ ತೊಳೆಯಲು ಹಾಕಿ ನಿಮ್ಮ ವ್ಯಾಪಾರ ನೋಡಿಕೊಳ್ಳಿ.